ಮೊದಲ ಮಹಡಿಯ ಲ್ಯಾಬು, ಸೊಸೆಯ ಹಸಿರು ಬಳೆ

ನಮ್ಮ ಮೊದಲ ಮಹಡಿಗೆ ಬಾಡಿಗೆಗೆ ಬಂದವರು ಕ್ರಿಮಿ ಬೆಳೆಸುವವರು ಎಂದು ನನಗೆ ಯಾರೂ ಹೇಳಿರಲಿಲ್ಲ. ಮಗ ಹೇಳಿದ್ದು ಟ್ರೈನಿಂಗ್ ಸೆಂಟರ್ ಎಂದು. ಜರಗನಹಳ್ಳಿಯಲ್ಲಿ ಟ್ರೈನಿಂಗ್ ಸೆಂಟರಿಗೇನು ಬರವಿಲ್ಲ. ಕಂಪ್ಯೂಟರಿನದಿದೆ, ಬ್ಯೂಟಿ ಪಾರ್ಲರಿನದಿದೆ, ಹೊಲಿಗೆಯದಿದೆ. ಇದೂ ಅಂಥದ್ದೇ ಇರಬೇಕು ಎಂದು ಸುಮ್ಮನಿದ್ದೆ. ಸಾಮಾನು ಬಂದ ದಿನ ಗೊತ್ತಾಯಿತು. ಮುಂದೆ ಗಾಜಿದ್ದ, ಬೀರುವಿಗಿಂತ ಅಗಲದ ಒಂದು ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಹೊತ್ತುಕೊಂಡು ಹೋಗುವಾಗ ಆಳುಗಳು ಗೋಡೆಯನ್ನು ಉದ್ದಕ್ಕೂ ಕೆರೆದರು. ಬಯ್ಯಲೆಂದು ಇಳಿದು ಬಂದೆ. ಹಿಂದೆ ನಿಂತಿದ್ದ ಹೆಂಗಸು, ಕತ್ತರಿಸಿದ ನರೆಗೂದಲು, ಕಾಲಿಗೆ ಬೂಟು, ನಾನೇ ಇಲ್ಲಿಯ ಮೇಡಂ ಎಂದಳು.

“ಏನಿದು ಪೆಟ್ಟಿಗೆ?” ಅಂದೆ.

“ಇದರೊಳಗೆ ಗಾಳಿ ಶುದ್ಧವಾಗಿ ಬರುತ್ತೆ ಅಜ್ಜಿ. ಬ್ಯಾಕ್ಟೀರಿಯಾ ಕೆಲಸ ಮಾಡೋದಕ್ಕೆ.”

“ಕ್ರಿಮಿ ಸಾಕ್ತೀರಾ?”

“ಸಾಕೋದಲ್ಲ. ಬೆಳೆಸಿ ನೋಡೋದು.”

“ಅದೇ.”

ಅವಳು ನಕ್ಕಳು. ನಾನು ನಗಲಿಲ್ಲ. ಮೇಲೆ ನಾವು ವಾಸ ಇದ್ದೇವೆ, ಕೆಳಗೆ ಮಗನ ಪೈಪು ನಲ್ಲಿಗಳ ಅಂಗಡಿ, ನಡುವೆ ಇವರ ಕ್ರಿಮಿ. ಬಾಗಿಲು ಹಾಕಿಯೇ ಇರುತ್ತೇವೆ, ಕೆಲಸ ಮುಗಿದ ಮೇಲೆ ಎಲ್ಲವನ್ನೂ ಕುಕ್ಕರಿನಲ್ಲಿ ಬೇಯಿಸಿ ಸಾಯಿಸಿಯೇ ಹೊರಗೆ ಹಾಕುತ್ತೇವೆ ಎಂದಳು. ಆ ಕುಕ್ಕರೂ ಬಂತು. ನನ್ನ ಸೊಂಟದೆತ್ತರವಿತ್ತು. ಮದುವೆ ಮನೆಯಲ್ಲೂ ಅಷ್ಟು ದೊಡ್ಡದನ್ನು ನೋಡಿರಲಿಲ್ಲ. ಸರಿ, ಬೇಯಿಸುವವರಾದರೆ ಇರಲಿ ಎಂದು ಒಪ್ಪಿದೆ.

ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಈ ಕಟ್ಟಡ ನಿಂತಿರುವ ಜಾಗದಲ್ಲಿ ನಾವು ದಂಟಿನ ಸೊಪ್ಪು, ಕೊತ್ತಂಬರಿ ಹಾಕುತ್ತಿದ್ದೆವು. ಈಗ ಬಾಡಿಗೆ ಬರುತ್ತದೆ, ಸೊಪ್ಪನ್ನು ತಳ್ಳುಗಾಡಿಯವನ ಹತ್ತಿರ ಕೊಳ್ಳುತ್ತೇವೆ. ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನಿಲ್ಲ. ಸೊಪ್ಪು ಕೊಯ್ಯಲು ಬೆಳಗಿನ ಚಳಿಯಲ್ಲಿ ಬಗ್ಗಿದವರಿಗೆ ಅದು ಗೊತ್ತು.

ಲ್ಯಾಬು ಬರುವುದಕ್ಕೆ ಹಿಂದಿನ ವರ್ಷ ಮಗನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿದ್ದೆವು. ಸ್ಟೆಂಟ್ ಹಾಕಿದ್ದು ಬೇಗ ಮುಗಿಯಿತು. ಆಮೇಲೆ ಜ್ವರ ಬಂತು. ರಕ್ತದಲ್ಲಿ ಕ್ರಿಮಿ ಸಿಕ್ಕಿದೆ ಎಂದು ಸೂಜಿ ಚುಚ್ಚಿ ಚುಚ್ಚಿ ಮಲಗಿಸಿಕೊಂಡರು. ಕೊನೆಗೆ ಇನ್ನೊಂದು ಸಲ ರಕ್ತ ತೆಗೆದು ನೋಡಿ, ಅದು ರಕ್ತದಲ್ಲಿದ್ದುದಲ್ಲ, ತೆಗೆಯುವಾಗ ಚರ್ಮದ ಮೇಲಿಂದ ಸೇರಿಕೊಂಡಿದ್ದು ಎಂದರು. ಜ್ವರ ತಾನಾಗಿ ಬಿಟ್ಟಿತ್ತು. ಅಷ್ಟರಲ್ಲಿ ಆ ಔಷಧಿಗೆ ಹೊಟ್ಟೆ ಕೆಟ್ಟು ಅವನು ಅರ್ಧ ಆಗಿದ್ದ. ಆ ದಿನಗಳಲ್ಲೇ ನನ್ನ ಸೊಸೆ ಬನಶಂಕರಿ ಅಮ್ಮನ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ, ಬಾಗಿಲಲ್ಲಿ ಮಾರುವ ಹಸಿರು ಗಾಜಿನ ಬಳೆ ಎರಡೂ ಕೈಗೆ ತೊಟ್ಟು ಬಂದಳು. ಗಂಡ ಮನೆಗೆ ಬಂದ. ಬಳೆ ಕೈಯಲ್ಲೇ ಉಳಿದವು.

ಮಗ ಅಂಗಡಿಯಲ್ಲಿ ಮೊದಲಿನ ಹಾಗೆ ಪೈಪು ಎತ್ತುವಂತಿರಲಿಲ್ಲ. ಮಧ್ಯಾಹ್ನವೇ ಷಟರ್ ಎಳೆದು ಮೇಲೆ ಬಂದು ಮಲಗುತ್ತಿದ್ದ. ಒಂದು ದಿನ ಸೊಸೆ ರೊಟ್ಟಿ ತಟ್ಟುತ್ತಾ ಹೇಳಿದಳು.

“ಅತ್ತೆ, ಕೆಳಗಡೆ ಕೋರ್ಸಿಗೆ ಸೇರ್ಕೋತೀನಿ.”

“ನಿನಗ್ಯಾಕೆ ಕ್ರಿಮಿ?”

“ನಾನು ಓದಿದ್ದೇ ಅದಲ್ವಾ. ಬಿಎಸ್ಸಿ ಮೈಕ್ರೋಬಯಾಲಜಿ. ಮದುವೆ ಆದ ಮೇಲೆ ಎಲ್ಲಾ ಮರ್ತುಹೋಗಿದೆ. ಕೈಯಲ್ಲಿ ಮಾಡಿ ಕಲಿಸ್ತಾರಂತೆ. ಚೆನ್ನಾಗಿ ಮಾಡಿದವರಿಗೆ ಜಯನಗರದ ಒಂದು ಲ್ಯಾಬಲ್ಲಿ ಕೆಲಸ ಸಿಗುತ್ತಂತೆ.”

ಅವಳು ಏನು ಓದಿದ್ದಾಳೆ ಎಂದು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಹುಡುಗಿ ಡಿಗ್ರಿ ಎಂದು ಹೆಣ್ಣು ನೋಡಲು ಹೋದಾಗ ಹೇಳಿದ್ದರು, ಅಷ್ಟೇ.

“ಸೇರ್ಕೋ. ಮಧ್ಯಾಹ್ನದ ಅಡುಗೆ ನಾನು ಮಾಡ್ತೀನಿ. ಉಪ್ಪು ಕಮ್ಮಿ ಅಂತ ನಿನ್ನ ಗಂಡ ಮೂತಿ ತಿರುಗಿಸಿದ್ರೆ ಮಾತ್ರ ನೀನೇ ನೋಡ್ಕೋಬೇಕು.”

ಹಾಗೆ ಅವಳು ಮೆಟ್ಟಿಲಿಳಿದು ಕಲಿಯಲು ಹೋದಳು. ಜೊತೆಯಲ್ಲಿದ್ದವರೆಲ್ಲ ಈಗ ತಾನೇ ಕಾಲೇಜು ಮುಗಿಸಿದವರು. ಹುಳಿಮಾವಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬಳು ಹುಡುಗಿ, ಬಾಯಿ ಬಹಳ, ಮೊದಲನೇ ದಿನವೇ ಇವಳನ್ನು ಆಂಟಿ ಮಾಡಿದಳು. ಆಮೇಲೆ ಇಡೀ ಕ್ಲಾಸಿಗೆ ಇವಳು ಆಂಟಿ, ನಾನು ಅಜ್ಜಿ.

ನಾನು ದಿನಾ ಬೆಳಿಗ್ಗೆ ಬೀಗ ತೆಗೆಯಲು, ನೀರಿನ ಮೋಟಾರು ಹಾಕಲು ಇಳಿಯುತ್ತಿದ್ದೆ. ಬಾಗಿಲ ಹೊರಗೆ ನಿಂತರೆ ಗಾಜಿನಲ್ಲಿ ಒಳಗಿನದೆಲ್ಲ ಕಾಣುತ್ತಿತ್ತು. ಗಂಟಲಿನ ಕಫ, ಮೂತ್ರ, ಗಾಯದ ಕೀವು ತೆಗೆದುಕೊಂಡು ಅದರಲ್ಲಿ ಯಾವ ಕ್ರಿಮಿ ಇದೆ, ಅದು ಯಾವ ಮಾತ್ರೆಗೆ ಸಾಯುತ್ತದೆ ಎಂದು ಹೇಳುವ ವಿದ್ಯೆ ಅದು. ಅಂಗೈಯಷ್ಟಗಲದ ತಟ್ಟೆಯಲ್ಲಿ ಜೆಲ್ಲಿ ಹೆಪ್ಪು ಹಾಕಿಟ್ಟಿರುತ್ತಾರೆ. ತುದಿಯಲ್ಲಿ ಕುಣಿಕೆ ಇರುವ ತಂತಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಒಂದು ಹನಿ ಮುಟ್ಟಿಸಿ, ಜೆಲ್ಲಿಯ ಮೇಲೆ ಒತ್ತೊತ್ತಾಗಿ ಗೆರೆ ಎಳೆಯಬೇಕು. ಮತ್ತೆ ಕಾಯಿಸಿ, ಆ ಗೆರೆಯ ಬಾಲ ಹಿಡಿದು ಇನ್ನಷ್ಟು ಗೆರೆ. ಹೀಗೆ ಎಳೆದೆಳೆದು ತೆಳುವಾಗಿ ಕೊನೆಯಲ್ಲಿ ಕ್ರಿಮಿ ಒಂದೊಂದೇ ದೂರ ದೂರ ಬೀಳುತ್ತದೆ. ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟರೆ ಮಾರನೆಯ ದಿನಕ್ಕೆ ಬಿದ್ದಲ್ಲಿ ಒಂದೊಂದು ಸಾಸಿವೆಯಷ್ಟು ಗುಂಡಗೆ ಎದ್ದಿರುತ್ತದೆ. ಹಾಗೆ ಒಂಟಿಯಾಗಿ ಎದ್ದದ್ದನ್ನು ಮಾತ್ರ ಪರೀಕ್ಷೆಗೆ ತೆಗೆದುಕೊಳ್ಳುವುದು.

ಜೆಲ್ಲಿ ಸೀಳಬಾರದು. ನನ್ನ ಸೊಸೆ ಮೊದಮೊದಲು ಸೀಳುತ್ತಿದ್ದಳು. ಅದಕ್ಕೆ ಮನೆಯಲ್ಲಿ ಮೊಸರು ಹೆಪ್ಪಾದ ಪಾತ್ರೆ ಮುಂದಿಟ್ಟುಕೊಂಡು, ತಲೆಪಿನ್ನು ಬಗ್ಗಿಸಿ, ಕೆನೆ ಹರಿಯದ ಹಾಗೆ ಗೆರೆ ಎಳೆದು ಅಭ್ಯಾಸ ಮಾಡುತ್ತಿದ್ದಳು. ಮಗ ಊಟಕ್ಕೆ ಕೂತು ಮೊಸರು ನೋಡಿ, “ಇದೇನು, ಉತ್ತಿದಾರಾ?” ಎಂದ. ಪಿನ್ನು ತೊಳೆದದ್ದು ತಾನೇ ಎಂದು ಕೇಳಿ ನಾನೂ ಅದನ್ನೇ ಉಂಡೆ.

ಗೆರೆ ಹದಕ್ಕೆ ಬಂತು. ಆದರೆ ಅವಳ ತಟ್ಟೆ ಮಾತ್ರ ಸರಿಹೋಗಲಿಲ್ಲ. ಗೆರೆಯೇ ಎಳೆಯದ ಕಡೆ, ಅಂಚಿನಲ್ಲಿ, ಬಿಳಿಯ ಚುಕ್ಕಿಗಳು ಏಳುತ್ತಿದ್ದವು. ಒಂದು ಸಲ ಅಲ್ಲ, ಪ್ರತಿ ಸಲ. ಹುಳಿಮಾವಿನ ಹುಡುಗಿ ಬೆಳಿಗ್ಗೆ ಪೆಟ್ಟಿಗೆ ತೆಗೆದವಳೇ ಕೂಗುತ್ತಿದ್ದಳು.

“ಆಂಟಿ, ನಿಮ್ಮ ಪ್ಲೇಟಿಗೆ ಕರೀದೆ ಬರೋ ನೆಂಟರು ಇವತ್ತೂ ಬಂದಿದಾರೆ.”

“ಎಷ್ಟು ಜನ?”

“ಪೂರ್ತಿ ಫ್ಯಾಮಿಲಿ, ಆಂಟಿ. ಮಕ್ಕಳನ್ನೂ ಕರ್ಕೊಂಡು ಬಂದಿದಾರೆ.”

ಸೊಸೆ ನಗುತ್ತಿದ್ದಳು. ಮೇಲೆ ಬಂದ ಮೇಲೆ ನಗುತ್ತಿರಲಿಲ್ಲ.

ಮೇಡಂ ಅದಕ್ಕೆ ಕಾರಣ ಹುಡುಕಲು ಶುರು ಮಾಡಿದಳು. ಮೊದಲು ಅನುಮಾನ ಬಂದದ್ದು ನನ್ನ ಮೇಲೆ. ಅದಕ್ಕೆ ಕಾರಣವೂ ಇತ್ತು. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಕ್ಕುವುದಿಲ್ಲ. ಇವರ ಪೆಟ್ಟಿಗೆ ಹಗಲೂ ರಾತ್ರಿ ಬೆಚ್ಚಗಿರುತ್ತದೆ. ಒಂದು ಮೂಲೆಯಲ್ಲಿ ನನ್ನ ಹಿಟ್ಟಿನ ಡಬ್ಬಿ ಇಡಲೇ ಎಂದು ಕೇಳಿದ್ದೆ. ಆಗ ಅವಳ ಮುಖ ನೋಡಬೇಕಿತ್ತು.

“ಅಜ್ಜಿ, ನಿಜ ಹೇಳಿ,” ಎಂದು ಬಾಗಿಲಲ್ಲೇ ಹಿಡಿದಳು. “ಬೀಗ ತೆಗೆದಾಗ ಇನ್‌ಕ್ಯುಬೇಟರ್‌ನಲ್ಲಿ ಹಿಟ್ಟು ಇಟ್ಟಿದ್ರಾ?”

“ಕೇಳಿದ್ದೆ. ನೀವು ಬೇಡ ಅಂದ್ರಿ. ಇಡಲಿಲ್ಲ.”

“ಒಂದು ದಿನಾನೂ?”

“ಆ ಪೆಟ್ಟಿಗೆಯಿಂದ ತೆಗೆದ ಹಿಟ್ಟಲ್ಲಿ ಇಡ್ಲಿ ಮಾಡಿ ನನ್ನ ಮಗನಿಗೆ ಕೊಡ್ತೀನಾ ಮೇಡಂ? ಒಂದು ಸಲ ಆಸ್ಪತ್ರೆ ನೋಡಿದ್ದು ಸಾಕು.”

ಅವಳು ನಂಬಿದಳೋ ಇಲ್ಲವೋ. ಪಾಠಕ್ಕೂ ಆಗುತ್ತದೆ ಎಂದು ಎಲ್ಲವನ್ನೂ ಒರೆಸಿ ತೆಗೆಸಿದಳು. ಹತ್ತಿ ಸುತ್ತಿದ ಕಡ್ಡಿಯಿಂದ ಬಾಗಿಲ ಹಿಡಿ, ನಲ್ಲಿ, ಗಾಳಿ ಪೆಟ್ಟಿಗೆಯ ಗಾಜು. ನನ್ನ ಬೆರಳನ್ನೂ ಒಂದು ತಟ್ಟೆಯ ಮೇಲೆ ಒತ್ತಿಸಿದರು. ಸಬ್ಬಕ್ಕಿ ಸಂಡಿಗೆ ಒತ್ತಿದ ಹಾಗೆ ಒತ್ತಿದೆ. ಹುಳಿಮಾವಿನ ಹುಡುಗಿ ಸುಮ್ಮನಿರಲಾರದೆ ನನ್ನ ಸೊಸೆಯ ಕೈಯ ಬಳೆಯ ಒಳಗಡೆಯೂ ಒಂದು ಕಡ್ಡಿ ಆಡಿಸಿದಳು. ಮಾರನೆಯ ದಿನ ಎಲ್ಲದರಲ್ಲೂ ಬಿಳಿ ಚುಕ್ಕಿಗಳೇ ಎದ್ದವು. ಮನುಷ್ಯರ ಚರ್ಮದ ಮೇಲೆ ಇರುವ ಕ್ರಿಮಿ ಅದಂತೆ. ನನ್ನ ಮೇಲೂ ಇದೆ, ಮೇಡಂ ಮೇಲೂ ಇದೆ. ಕಣ್ಣಿಗೆ ಎಲ್ಲ ಒಂದೇ.

“ಈಗ ನೋಡಿ ಜೆನೆಟಿಕ್ಸು ಯಾಕೆ ಬೇಕು ಅಂತ,” ಎಂದಳು ಮೇಡಂ ಮಕ್ಕಳಿಗೆ. ಕ್ರಿಮಿಯ ಹೊಟ್ಟೆ ಒಡೆದು ಅದರ ಡಿಎನ್ಎ ತೆಗೆದು, ಒಂದು ಸಣ್ಣ ಮಿಷನ್ನಿನಲ್ಲಿ ಅದನ್ನು ಕಾಯಿಸಿ ಆರಿಸಿ ಕಾಯಿಸಿ ಆರಿಸಿ ಹೆಚ್ಚು ಮಾಡಿದರು. ಆಮೇಲೆ ಇನ್ನೊಂದು ತರಹದ ಜೆಲ್ಲಿಯೊಳಗೆ ಕರೆಂಟು ಕೊಟ್ಟು ಓಡಿಸಿದರು. ಚಿಕ್ಕ ತುಣುಕು ದೂರ ಓಡುತ್ತದೆ, ದೊಡ್ಡದು ಹಿಂದೆ ನಿಲ್ಲುತ್ತದೆ. ಒಂದೊಂದು ಕ್ರಿಮಿಗೂ ಗೆರೆ ನಿಲ್ಲುವ ಜಾಗ ಬೇರೆ. ನನ್ನನ್ನೂ ಒಳಗೆ ಕರೆದರು. ಚಪ್ಪಲಿ ಬಿಡಿಸಿ, ಅವರದೇ ಚಪ್ಪಲಿ ಹಾಕಿಸಿ, ದೀಪ ಆರಿಸಿ, ನೀಲಿ ಬೆಳಕಿನ ಮೇಲೆ ಆ ಜೆಲ್ಲಿ ಇಟ್ಟರು. ಗೆರೆಗಳು ಹೊಳೆಯುತ್ತಿದ್ದವು.

“ಇದು ನಿಮ್ಮ ಬೆರಳಿಂದು ಅಜ್ಜಿ,” ಎಂದು ಹುಳಿಮಾವಿನ ಹುಡುಗಿ ತೋರಿಸಿದಳು. “ಇದು ನಲ್ಲಿ. ಇದು ಬಾಗಿಲ ಹಿಡಿ. ಇದು ಪ್ಲೇಟಿಗೆ ಬಂದ ನೆಂಟರು.”

“ನನ್ನದು ಅದರ ತರ ಇಲ್ಲ.”

“ಇಲ್ಲ. ನೀವು ನಿರಪರಾಧಿ.”

“ಪಕ್ಕದ್ದು ಯಾವುದು? ಅದೂ ನೆಂಟರೂ ಒಂದೇ ತರ ಇದೆಯಲ್ಲ.”

ಹುಡುಗಿ ಮೇಡಂ ಕಡೆ ನೋಡಿದಳು. ಅವಳು ಬಾಯಿ ಮುಚ್ಚಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. ಮೇಡಂ ಹೇಳಿದಳು, ಅದು ಆಂಟಿಯ ಬಳೆ.

ಲ್ಯಾಬಿನಲ್ಲಿ ಕೈಗೆ ಏನೂ ಹಾಕಬಾರದು ಎಂದು ಮೊದಲ ದಿನವೇ ಹೇಳಿದ್ದರಂತೆ. ಇವಳು ಬಳೆಗಳನ್ನು ಮೊಣಕೈ ಕಡೆಗೆ ಏರಿಸಿ, ಹಾಲಿನ ಪ್ಯಾಕೆಟ್ಟಿನ ಜೊತೆ ಬರುವ ರಬ್ಬರ್ ಬ್ಯಾಂಡ್ ಸುತ್ತಿ, ಮೇಲೆ ಬಿಳಿ ಕೋಟಿನ ತೋಳು ಎಳೆದುಕೊಂಡಿದ್ದಳು. ಗೆರೆ ಎಳೆಯಲು ಕೈ ಬಗ್ಗಿಸಿದಾಗ ಒಂದೊಂದೇ ಜಾರಿ ತೆರೆದ ತಟ್ಟೆಯ ಮೇಲೆ ಬಂದು ನಿಲ್ಲುತ್ತಿತ್ತು. ಆಸ್ಪತ್ರೆಯ ದಿನಗಳಿಂದ ತೆಗೆಯದ ಬಳೆ. ಅದರಡಿ ಬೆವರು, ಸೋಪು, ಹಿಟ್ಟು, ಎಲ್ಲ ಇತ್ತು.

ಮೇಡಂ ನನ್ನ ಕಡೆ ತಿರುಗಿ ಸಾರಿ ಕೇಳಿದಳು.

“ಸಾರಿ ಬೇಡ. ಮೆಟ್ಟಿಲ ಹತ್ರ ಕೆರೆದಿರೋ ಗೋಡೆಗೆ ಬಣ್ಣ ಹೊಡಿಸಿ,” ಎಂದು ಮೇಲೆ ಬಂದೆ.

ವಿಷಯ ಅಲ್ಲಿಗೆ ಮುಗಿಯಿತು, ಬಳೆ ತೆಗೆದರಾಯಿತು ಎಂದುಕೊಂಡೆ. ಮುಗಿಯಲಿಲ್ಲ. ಆ ವಾರವೇ ಮೇಡಂ ನಮ್ಮ ಮನೆಗೆ ಬಂದಳು. ಸೋಫಾದ ಅಂಚಿನಲ್ಲಿ ಕೂತು, ಕಾಫಿ ಬೇಡ ಎಂದು, ನನ್ನ ಕೈ ಹಿಡಿದುಕೊಂಡಳು. ಬಾಡಿಗೆ ಕಮ್ಮಿ ಮಾಡಿ ಎಂದು ಕೇಳಲು ಬಂದಿದ್ದಾಳೆ ಎಂದುಕೊಂಡೆ.

“ಅಜ್ಜಿ, ನಿಮ್ಮ ಕಾಲದ ಪದ್ಧತಿ ನನಗೂ ಅರ್ಥ ಆಗುತ್ತೆ. ಆದ್ರೆ ಸ್ವಲ್ಪ ದೊಡ್ಡ ಮನಸ್ಸು ಮಾಡ್ಬೇಕು. ಜಯನಗರದ ಲ್ಯಾಬಿನ ಡಾಕ್ಟರ್ ಪರೀಕ್ಷೆಗೆ ಬರ್ತಾರೆ. ಅವರು ಮೊದಲು ನೋಡೋದೇ ಕೈ. ಬಳೆ ಇದ್ರೆ ಆ ಗಾಳಿ ಪೆಟ್ಟಿಗೆ ಮುಂದೆ ಕೂರೋಕೇ ಬಿಡಲ್ಲ.”

“ಬಿಡಬಾರದು. ಅದಕ್ಕೆ ನನ್ನ ಮನಸ್ಸು ಯಾಕೆ ದೊಡ್ಡದಾಗ್ಬೇಕು?”

“ಮತ್ತೆ, ನೀವು ಒಪ್ಪಲ್ಲ ಅಂತ ನಿಮ್ಮ ಸೊಸೆ ಹೇಳಿದ್ರಲ್ಲ. ಮುತ್ತೈದೆ ಬರಿಗೈಯಲ್ಲಿ ಇರಬಾರದು ಅಂತ ನೀವೇ ಹೇಳಿದೀರಂತೆ.”

ಅವಳು ಮದುವೆಯಾಗಿ ಬಂದಾಗಿನಿಂದ ನಾನು ಸೊಸೆಗೆ ಬಹಳ ಹೇಳಿದ್ದೇನೆ. ಹುಳಿಗೆ ಬೇಳೆ ಸಾಲದು ಎಂದಿದ್ದೇನೆ, ಫೋನು ಸಾಕು ಎಂದಿದ್ದೇನೆ. ಬಳೆಯ ಸುದ್ದಿ ಎತ್ತಿದವಳಲ್ಲ. ಮೇಡಂ ಹೋದ ಮೇಲೆ ಅಡುಗೆಮನೆಗೆ ಹೋದೆ. ಅವಳು ಹುರುಳಿಕಾಯಿ ಹೆಚ್ಚುತ್ತಿದ್ದಳು. ಎಲ್ಲಾ ಕೇಳಿಸಿತ್ತು, ತಲೆ ಎತ್ತಲಿಲ್ಲ.

“ನನ್ನ ಹೆಸರು ಯಾಕೆ ಹೇಳ್ದೆ?”

“ಇನ್ನೇನು ಹೇಳಲಿ ಅತ್ತೆ. ಅತ್ತೆ ಬಿಡಲ್ಲ ಅಂದ್ರೆ ಯಾರೂ ಇನ್ನೊಂದು ಮಾತು ಕೇಳಲ್ಲ.”

“ನಿಜ ಹೇಳೋದು.”

“ನಿಜ ಹೇಳಿದ್ರೆ ನಗ್ತಾರೆ. ಬಿಎಸ್ಸಿ ಓದಿದೀನಿ, ಡಿಎನ್ಎ ತೆಗೀತೀನಿ, ಬಳೆ ತೆಗೀರಿ ಅಂದ್ರೆ ಗಂಡನಿಗೇನಾಗುತ್ತೋ ಅಂತ ಹೆದರ್ತೀನಿ ಅಂತ ಆ ಮಕ್ಕಳ ಮುಂದೆ ಹೇಳ್ಲಾ?”

“ಹೆದರ್ತೀಯಾ?”

ಅವಳು ಚಾಕು ಇಟ್ಟಳು. “ಗುಡೀಲಿ ಹೇಳ್ಕೊಂಡೆ ಅತ್ತೆ. ಇವು ಕೈಮೇಲಿಂದ ಇಳಿಯಲ್ಲ, ಇವರನ್ನ ಮನೆಗೆ ಕಳಿಸು ಅಂತ. ಕಳಿಸಿದಳು. ಈಗ ಕೆಲಸ ಸಿಗುತ್ತೆ ಅಂತ ತೆಗೆದು ಕೆಳಗಿಟ್ಟುಬಿಡೋದಾ? ಮತ್ತೆ...”

“ಮತ್ತೇನು?”

“ನಿಮ್ಮ ಮುಂದೆ ಬರಿಗೈ ಮಾಡ್ಕೊಂಡು ಓಡಾಡೋದು ನನಗೆ ಕಷ್ಟ.”

ಇದು ನನಗೆ ಹೊಳೆದಿರಲಿಲ್ಲ. ನನ್ನ ಕೈ ಖಾಲಿಯಾಗಿ ಬಹಳ ವರ್ಷವಾಗಿದೆ. ಗಂಡ ಸತ್ತ ಮೇಲೆ ತಿಥಿಯ ದಿನ ಹೆಂಗಸರು ನನ್ನನ್ನು ನಲ್ಲಿಯ ಹತ್ತಿರ ಕೂರಿಸಿ ಕಲ್ಲಿನಿಂದ ಒಡೆದರು. ಅವರು ಅತ್ತರು. ಮಾರನೆಯ ದಿನ ಪಾತ್ರೆ ಉಜ್ಜಲು ಕೂತಾಗ ಕೈ ಹಗುರವಾಗಿತ್ತು, ಕೆಲಸ ಬೇಗ ಆಯಿತು. ಆಮೇಲೆ ಅದರ ಯೋಚನೆ ನನಗೆ ಬಂದಿಲ್ಲ. ಇವಳಿಗೆ ಬರುತ್ತಿತ್ತು ಎಂದು ಅಂದೇ ತಿಳಿದದ್ದು.

“ನೋಡು,” ಅಂದೆ. “ನಿಮ್ಮ ಮಾವ ಸತ್ತ ದಿನ ನನ್ನ ಎರಡೂ ಕೈ ತುಂಬಾ ಬಳೆ ಇತ್ತು. ಅವರು ಹೋದ ಮೇಲೆ ಬಳೆ ಒಡೆದಿದ್ದು. ಬಳೆ ಒಡೆದಿದ್ದಕ್ಕೆ ಅವರು ಹೋಗಿದ್ದಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ಕೆಳಗಡೆ ಹೇಳ್ಕೊಡಲ್ವಾ?”

ಅವಳು ಮತ್ತೆ ಚಾಕು ಎತ್ತಿಕೊಂಡಳು.

“ನಿನ್ನ ಗಂಡನಿಗೆ ಆಸ್ಪತ್ರೇಲಿ ಇಲ್ಲದ ಕ್ರಿಮಿಗೆ ಸೂಜಿ ಚುಚ್ಚಿದ್ರಲ್ಲ. ಅದು ಯಾರ ಚರ್ಮದ್ದೋ ಸೇರ್ಕೊಂಡಿದ್ದಕ್ಕೆ ತಾನೆ? ನಾಳೆ ಯಾರದೋ ಗಂಡನ ರಕ್ತ ನಿನ್ನ ಮುಂದೆ ಬರುತ್ತೆ. ಅದಕ್ಕೆ ನಿನ್ನ ಬಳೆ ಕೆಳಗಿನ ಕೊಳೆ ಸೇರಿಸ್ತೀಯಾ?”

“ಸುಮ್ನಿರಿ ಅತ್ತೆ.”

ಸುಮ್ಮನಾದೆ. ಹೇಳಬೇಕಾದ್ದು ಹೇಳಿಯಾಗಿತ್ತು. ಹುರುಳಿಕಾಯಿ ಪಲ್ಯಕ್ಕೆ ಅವತ್ತು ಉಪ್ಪೇ ಬಿದ್ದಿರಲಿಲ್ಲ. ಮಗ ಮೂತಿ ತಿರುಗಿಸಿದ. ನಾವಿಬ್ಬರೂ ನೋಡಲಿಲ್ಲ.

ಅವಳು ಬಳೆ ತೆಗೆಯಲಿಲ್ಲ. ಬೇರೆ ದಾರಿ ಹುಡುಕಿದಳು. ಬಳೆಗಳ ಮೇಲೆ ಪ್ಲಾಸ್ಟರ್ ಸುತ್ತಿದಳು, ಅದು ಬೆವರಿಗೆ ಬಿಟ್ಟುಕೊಂಡಿತು. ಸ್ಪಿರಿಟ್ಟಿನಲ್ಲಿ ಒರೆಸಿದಳು. ಹೊರಗೆ ಒರೆಸಬಹುದು, ಕೈಗೂ ಬಳೆಗೂ ನಡುವೆ ಒರೆಸುವುದು ಹೇಗೆ. ಬಿಳಿ ಚುಕ್ಕಿ ಕಮ್ಮಿಯಾದವು, ಹೋಗಲಿಲ್ಲ. ಮಿಕ್ಕವರೆಲ್ಲ ಕೊನೆಯ ಪಾಠಕ್ಕೆ ಬಂದಿದ್ದರು. ಇವಳು ಇನ್ನೂ ಅದೇ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಹುಳಿಮಾವಿನ ಹುಡುಗಿ ನೆಂಟರ ಮಾತು ಎತ್ತುವುದನ್ನು ಬಿಟ್ಟಳು. ಅದು ಇನ್ನೂ ಕೆಟ್ಟದಾಗಿತ್ತು.

ಪರೀಕ್ಷೆಯ ದಿನ ಬಂತು. ಜಯನಗರದ ಡಾಕ್ಟರಮ್ಮ ಕಾರಿನಲ್ಲಿ ಬಂದು ಒಳಗೆ ಹೋದಳು. ಒಬ್ಬೊಬ್ಬರನ್ನೇ ಕರೆದು, ಕ್ರಿಮಿ ಇರುವ ಒಂದು ಕೊಳವೆ ಕೊಟ್ಟು, ತನ್ನ ಮುಂದೆಯೇ ಗೆರೆ ಎಳೆಸುತ್ತಾಳಂತೆ. ತಟ್ಟೆಗೆ ತಾನೇ ಗುರುತು ಹಾಕಿ ಪೆಟ್ಟಿಗೆಯಲ್ಲಿಟ್ಟು, ಮಾರನೆಯ ದಿನ ಬಂದು ನೋಡುತ್ತಾಳಂತೆ. ನಾನು ತಳ್ಳುಗಾಡಿಯಲ್ಲಿ ಸೊಪ್ಪು ಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಸೊಸೆ ಲ್ಯಾಬಿನ ಬಾಗಿಲ ಹೊರಗೆ ಬಿಳಿ ಕೋಟು ಹಾಕಿಕೊಂಡು ನಿಂತಿದ್ದಳು. ತಾಳಿಯನ್ನು ಒಳಗೆ ಸೇರಿಸಿ ಪಿನ್ನು ಹಾಕಿದ್ದಳು. ಕೈಯಲ್ಲಿ ಬಳೆ ಇತ್ತು.

“ಕರೆದ್ರಾ?”

“ಮುಂದಿನದು ನಾನೇ.”

“ಮತ್ತೆ?”

“ತೆಗೀಬೇಕು ಅಂತಾನೇ ಹೊರಗೆ ಬಂದೆ ಅತ್ತೆ. ತೆಗೆದು ಎಲ್ಲಿಡಲಿ? ಕೆಳಗಿಡಲ್ಲ ಅಂತ ಹೇಳ್ಕೊಂಡಿದೀನಿ.”

ಅವಳ ಮುಖ ನೋಡಿದೆ. ವಾದ ಮಾಡಲು ನಿಂತಿರಲಿಲ್ಲ. ನಿಜವಾಗಿಯೂ ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಳು. ಬಾಗಿಲ ಒಳಗಿಂದ ಯಾರೋ ಹೆಸರು ಕೂಗಿದರು.

ಸೊಪ್ಪಿನ ಚೀಲ ಮೆಟ್ಟಿಲ ಮೇಲಿಟ್ಟು ಕೈ ಚಾಚಿದೆ. “ಕೈಮೇಲಿರಬೇಕು ತಾನೆ? ತಾ ಇಲ್ಲಿ.”

“ಅತ್ತೆ, ನೀವು...”

“ನಾನೇನು? ಇದು ಕೈಯಲ್ವಾ?”

ಅವಳು ಕೋಟಿನ ತೋಳು ಮೇಲೆ ಸರಿಸಿದಳು. ಆಮೇಲೆ ಒಂದೊಂದೇ ಕಳಚಿ ನನ್ನ ಕೈಗೆ ಏರಿಸಿದಳು. ನನ್ನ ಕೈಗಂಟು ದಪ್ಪ, ವಯಸ್ಸಿಗೆ ಊದಿಕೊಂಡಿದೆ. ನೋವಾಯಿತು. ಒತ್ತು ಅಂದೆ. ಒತ್ತಿದಳು. ಎಲ್ಲ ಏರಿದವು. ಅವಳ ಮಣಿಕಟ್ಟಿನಲ್ಲಿ ಬಳೆ ಇದ್ದ ಕಡೆ ಬೆಳ್ಳಗೆ ಪಟ್ಟೆ ಬಿದ್ದಿತ್ತು. ಅದನ್ನು ಒಂದು ಸಲ ನೋಡಿಕೊಂಡು, ಹೊರಗಿನ ಬೇಸಿನ್ನಿನಲ್ಲಿ ಮೊಣಕೈವರೆಗೆ ಸೋಪು ಹಾಕಿ ಉಜ್ಜಿ ತೊಳೆದು ಒಳಗೆ ಹೋದಳು.

ನಾನು ಮೆಟ್ಟಿಲ ಮೇಲೆ ಕೂತೆ. ಮೇಲೆ ಹೋಗಿ ಅಡುಗೆ ಮಾಡಬಹುದಿತ್ತು. ಬಳೆ ತೊಟ್ಟುಕೊಂಡು ಮಗನ ಮುಂದೆ ಹೋದರೆ ಅವನು ಏನೆಂದು ಕೇಳುತ್ತಾನೆ, ಅವನಿಗೆ ಹೇಳುತ್ತಾ ಕೂರಬೇಕಾಗುತ್ತದೆ. ಸೊಪ್ಪು ಬಿಡಿಸುತ್ತಾ ಅಲ್ಲೇ ಕೂತೆ. ಕೈ ಆಡಿದಾಗಲೆಲ್ಲ ಸದ್ದಾಗುತ್ತಿತ್ತು. ಆ ಸದ್ದು ನನ್ನಿಂದಲೇ ಬರುತ್ತಿದೆ ಎಂಬುದರ ಅಭ್ಯಾಸ ತಪ್ಪಿಹೋಗಿತ್ತು. ಯಾರೋ ಬಂದರು ಎಂದು ತಲೆ ಎತ್ತಿ ನೋಡುತ್ತಿದ್ದೆ.

ನಿಜವಾಗಿ ಬಂದದ್ದು ನನ್ನ ವಾರಗಿತ್ತಿ. ಪಕ್ಕದ ಕಟ್ಟಡದಲ್ಲೇ ಇರುವವಳು. ನನ್ನ ಬಳೆ ಒಡೆದವರಲ್ಲಿ ಅವಳೂ ಒಬ್ಬಳು. ಮೆಟ್ಟಿಲ ಬುಡದಲ್ಲೇ ನಿಂತಳು.

“ಏನಕ್ಕ ಇದು?”

“ಬಳೆ.”

“ಅದು ಕಾಣ್ತಿದೆ. ನಿನ್ನ ಕೈಗ್ಯಾಕೆ?”

“ಸೊಸೆದು. ಒಳಗೆ ಪರೀಕ್ಷೆ ಬರೀತಿದಾಳೆ. ಹೊರಗೆ ಬರೋವರೆಗೂ ಇಟ್ಕೊಂಡಿದೀನಿ.”

“ಇಟ್ಕೊಳ್ಳೋದು ಅಂದ್ರೆ ತೊಟ್ಕೊಳ್ಳೋದಾ? ನೋಡಿದವರು ಏನಂತಾರೆ?”

“ನೋಡಿದವಳು ನೀನೊಬ್ಬಳೇ. ನೀನೇ ಹೇಳು, ಏನಂತೀಯ?”

ಅವಳು ಗಾಜಿನ ಬಾಗಿಲ ಕಡೆ ನೋಡಿದಳು. ಒಳಗೆ ಸೊಸೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಮುಂದೆ ಸಣ್ಣ ನೀಲಿ ಬೆಂಕಿ. “ಬೇಳೆ ಹಾಕಿ ಬಂದಿದೀನಿ,” ಎಂದು ವಾರಗಿತ್ತಿ ಹೋದಳು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಾಯಿತು.

ಸೊಸೆ ಹೊರಗೆ ಬಂದಾಗ ಸೊಪ್ಪು ಬಿಡಿಸಿ ಮುಗಿದಿತ್ತು. ಹೇಗಾಯ್ತು ಎಂದು ಕೇಳಿದರೆ, “ನಾಳೆ ಗೊತ್ತಾಗುತ್ತೆ, ಕೈ ಹಗುರ ಇತ್ತು,” ಎಂದಳು. ಮೇಲೆ ಬಂದು ಬಳೆ ವಾಪಸ್ ತೆಗೆಯಲು ಹೋದರೆ ಬರಲಿಲ್ಲ. ಏರುವಾಗ ಏರಿದ್ದವು, ಈಗ ಕೈ ಊದಿಕೊಂಡು ಸಿಕ್ಕಿಹಾಕಿಕೊಂಡವು. ಬಚ್ಚಲಿಗೆ ಕರೆದುಕೊಂಡು ಹೋಗಿ ಸೋಪು ಹಚ್ಚಿದಳು. ಲ್ಯಾಬಿನಲ್ಲಿ ಕಲಿಸಿದ ಹಾಗೆ ಮುಂಗೈ, ಬೆರಳ ಸಂದು, ಹೆಬ್ಬೆರಳು, ಮಣಿಕಟ್ಟು ಎಲ್ಲ ತಿಕ್ಕಿದಳು. ನನ್ನ ಕೈಯನ್ನು ಯಾರೂ ಹಾಗೆ ತೊಳೆದಿರಲಿಲ್ಲ. ನೀರು ವ್ಯರ್ಥ ಎಂದೆ. ಸುಮ್ನಿರಿ ಎಂದಳು. ಒಂದೊಂದೇ ಜಾರಿದವು. ಅವುಗಳನ್ನು ತಾನು ತೊಟ್ಟುಕೊಂಡಳು. ಎಡಗೈಯ ಒಂದು ಮಾತ್ರ ಗಂಟಿನ ಹತ್ತಿರ ನಿಂತುಬಿಟ್ಟಿತು.

“ಒಡಿ,” ಅಂದೆ.

“ಒಡೆಯಲ್ಲ.”

“ಒಂದು ಬಳೆ. ಬರೀ ಗಾಜು. ಹೋಗಲಿ.”

“ನಾನು ಒಡೆಯಲ್ಲ ಅತ್ತೆ. ನಿಮ್ಮ ಕೈಮೇಲೆ ಬಳೆ ಒಡೆಯೋದು ನನ್ನಿಂದ ಆಗಲ್ಲ.”

ಅವಳು ಗಂಡನಿಗಾಗಿ ಹೇಳಿದಳೋ ನನಗಾಗಿ ಹೇಳಿದಳೋ ಕೇಳಲಿಲ್ಲ. ಊತ ಇಳಿದ ಮೇಲೆ ನೋಡೋಣ ಎಂದು ಬಿಟ್ಟೆವು.

ಮಾರನೆಯ ದಿನ ಡಾಕ್ಟರಮ್ಮ ಬಂದು ಪೆಟ್ಟಿಗೆ ತೆಗೆಸಿದಳು. ನಾನು ಮೋಟಾರು ಹಾಕುವ ನೆಪದಲ್ಲಿ ಬಾಗಿಲಲ್ಲಿದ್ದೆ. ಹುಳಿಮಾವಿನ ಹುಡುಗಿ ತಾನು ನೋಡಬೇಕಾದ ತಟ್ಟೆ ಬಿಟ್ಟು ಸೊಸೆಯ ತಟ್ಟೆಯ ಮೇಲೆ ಬಗ್ಗಿದ್ದಳು. ತಿರುಗಿ ಗಾಜಿನ ಈಚೆಯಿಂದ ನೋಡುತ್ತಿದ್ದ ನನಗೆ ಕೈ ಆಡಿಸಿ ಇಲ್ಲ ಎಂದು ತೋರಿಸಿದಳು. ನೆಂಟರು ಬಂದಿಲ್ಲ. ಅಂಚು ಖಾಲಿ. ಗೆರೆಯ ಕೊನೆಯಲ್ಲಿ ಒಂದೊಂದು ಸಾಸಿವೆ ದೂರ ದೂರ.

ಡಾಕ್ಟರಮ್ಮ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಏನೋ ಕೇಳಿದಳು. ಸೊಸೆ ಏನೋ ಹೇಳಿದಳು. ಮೇಡಂ ಬೇರೆ ಕಡೆ ನೋಡುತ್ತಾ ನಗುತ್ತಿದ್ದಳು. ನಾನು ಮೋಟಾರು ಹಾಕಲು ಮರೆತು ಮೇಲೆ ಬಂದಿದ್ದೆ. ಮಗ ಸ್ನಾನಕ್ಕೆ ನೀರಿಲ್ಲ ಎಂದು ಕೂಗಿದ.

ಈಗ ಸೊಸೆ ಬೆಳಿಗ್ಗೆ ಮೆಟ್ರೋ ಹತ್ತಿ ಜಯನಗರಕ್ಕೆ ಹೋಗುತ್ತಾಳೆ. ಅಲ್ಲಿ ಮೂತ್ರ, ಕಫ, ರಕ್ತ, ಯಾರದ್ಯಾರದೋ ಬರುತ್ತದೆ. ಹೊರಡುವ ಮೊದಲು ಬಳೆ ತೆಗೆದು ಬನಶಂಕರಿ ಅಮ್ಮನ ಫೋಟೋದ ಮೊಳೆಗೆ ಸಿಗಿಸುತ್ತಾಳೆ, ಬಂದ ಮೇಲೆ ತೊಡುತ್ತಾಳೆ. ಮೊಳೆ ನಾನೇ ಹೊಡೆದದ್ದು. ಅಮ್ಮನ ಹತ್ತಿರವೇ ಇಟ್ಟ ಹಾಗೆ, ಕೆಳಗಿಟ್ಟ ಹಾಗೆ ಆಗುವುದಿಲ್ಲ. ಮಗನಿಗೆ ಏನೂ ಆಗಿಲ್ಲ, ಉಪ್ಪು ಸಾಲದು ಎನ್ನುತ್ತಾನೆ. ಮೆಟ್ಟಿಲ ಗೋಡೆಗೆ ಮೇಡಂ ಬಣ್ಣ ಹೊಡೆಸಿದ್ದಾಳೆ. ಬೇರೆ ಬಣ್ಣ.

ನನ್ನ ಎಡಗೈಯ ಬಳೆ ಊತ ಇಳಿದ ಮೇಲೂ ಬರಲಿಲ್ಲ. ವಾರಗಿತ್ತಿ ಬಂದಾಗಲೆಲ್ಲ ಅದನ್ನು ನೋಡುತ್ತಾಳೆ, ಏನೂ ಹೇಳುವುದಿಲ್ಲ. ಒಡೆದುಕೊಳ್ಳಲು ನನಗೇನೂ ಕಷ್ಟವಿಲ್ಲ, ಬಚ್ಚಲ ಕಲ್ಲಿಗೆ ಒಂದು ಸಲ ತಾಗಿಸಿದರೆ ಸಾಕು. ಸೊಸೆ ದಿನಾ ಬಂದ ತಕ್ಷಣ ನನ್ನ ಕೈ ನೋಡುತ್ತಾಳೆ. ಅದಕ್ಕೆ ಹುಷಾರಾಗಿ ಇಟ್ಟುಕೊಂಡಿದ್ದೇನೆ. ಪಾತ್ರೆ ಉಜ್ಜುವಾಗ ಅಡ್ಡ ಬರುತ್ತದೆ.